ಗುಲಾಬಿ ಬಣ್ಣದ ಬೆಣಚುಕಲ್ಲು

ಕಳೆದ ಡಿಸೆಂಬರಿನ ಒಂದು ಭಾನುವಾರ ಬೆಂಗಳೂರಿನ ಕರಕುಶಲ ಮೇಳವೊಂದಕ್ಕೆ ಹೋಗಿದ್ದೆ. ಹೋಗಿದ್ದು ದೋಸೆ ಹುಯ್ಯೋಕೆ ಒಳ್ಳೇ ಕಬ್ಬಿಣದ ಕಾವಲಿ ಸಿಗಬಹುದೇನೋ ಅಂತ. ತಂದಿದ್ದು ಒಂದು ಕಲ್ಲಿನ ಸರ. ನನ್ನ ಹಣೆಬರಹವೇ ಇಷ್ಟು, ಯಾವತ್ತೂ ಯಾವುದಕ್ಕೆ ಹೋದೆನೋ ಅದನ್ನು ತಂದವಳೇ ಅಲ್ಲ.

ಅಂಗಡಿ ಇಟ್ಟಿದ್ದವರು ಗುಜರಾತಿನ ಖಂಭಾತಿನವರು. ಅಗೇಟ್ ಮಣಿಗಳು, ಹಸಿರು ಕಲ್ಲಿನ ಆನೆ, ಕಪ್ಪು ಕಲ್ಲಿನ ಗಣಪತಿ, ಇವೆಲ್ಲದರ ನಡುವೆ ಒಂದು ಮೊಳೆಗೆ ಈ ಸರ ನೇತುಹಾಕಿದ್ದರು. ತಿಳಿಗುಲಾಬಿ. ನಮ್ಮನೆ ಅಂಗಳದ ಕಣಗಿಲೆ ಹೂವು ಎರಡು ದಿನ ಬಿಸಿಲು ಕಂಡು ಮಾಸಿದಾಗ ಆಗತ್ತಲ್ಲ, ಅಂಥ ಬಣ್ಣ. ಒಳಗೆ ಸ್ವಲ್ಪ ಮಂಜು ಮುಸುಕಿದ ಹಾಗೆ. ನೋಡಿದ ತಕ್ಷಣ ಅಮ್ಮನ ಒಂದು ಸೀರೆ ನೆನಪಾಯ್ತು.

ಆ ಸೀರೆ ಈಗ ಅಮ್ಮನ ಹತ್ರ ಇಲ್ಲ. ಅಪ್ಪ ಹೋಗಿ ಎರಡು ವರ್ಷ ಆಯ್ತು. ಹದಿಮೂರರ ಕಾರ್ಯ ಮುಗಿದ ಮೇಲೆ ಒಂದು ಮಧ್ಯಾಹ್ನ ಅಮ್ಮ ಬೀರು ತೆಗೆದು ಕೂತು ಸೀರೆಗಳನ್ನು ಎರಡು ರಾಶಿ ಮಾಡಿದಳು. ಬಣ್ಣದ ರಾಶಿ ಚಿಕ್ಕಮ್ಮನ ಮನೆಗೆ ಹೋಯ್ತು. ಹೀಗೆ ಮಾಡು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಮಾಡಬೇಡ ಅಂತಲೂ ಯಾರೂ ಹೇಳಲಿಲ್ಲ, ನಾನೂ ಸೇರಿದ ಹಾಗೆ. ನಾನು ಆವಾಗ ಪಕ್ಕದ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಕೊಂಡು ಆಫೀಸಿನ ಮೀಟಿಂಗಿನಲ್ಲಿದ್ದೆ. ಬಾಗಿಲಿಂದ ಕಾಣ್ತಾ ಇತ್ತು. ಮೀಟಿಂಗ್ ಮುಗಿಸಿ ಬರೋ ಹೊತ್ತಿಗೆ ಗಂಟು ಕಟ್ಟಿಯಾಗಿತ್ತು.

ಸರಕ್ಕೆ ಆರುನೂರೈವತ್ತು ಹೇಳಿದರು. ನನ್ನ ಹರಕು ಹಿಂದಿಯಲ್ಲಿ ಚೌಕಾಸಿ ಮಾಡಿ ಐನೂರಕ್ಕೆ ತಂದೆ.

ಬಸ್ಸಿನಲ್ಲಿ ಕೂತು ನೋಡಿದರೆ ಸರಕ್ಕೊಂದು ಪುಟ್ಟ ಚೀಟಿ ಕಟ್ಟಿದ್ದರು. ಇಂಗ್ಲಿಷಿನಲ್ಲಿ ಇದ್ದದ್ದರ ಸಾರಾಂಶ ಇಷ್ಟು: ಇದು ರೋಸ್ ಕ್ವಾರ್ಟ್ಜ್, ಪ್ರೇಮದ ಕಲ್ಲು, ಧರಿಸಿದವರ ಬಾಳಿಗೆ ಹೊಸ ಪ್ರೇಮವನ್ನು ಸೆಳೆದು ತರುತ್ತದೆ. ಐವತ್ನಾಲ್ಕು ವರ್ಷದ ಅಮ್ಮನಿಗೆ! ಪಕ್ಕದಲ್ಲಿ ಕೂತಿದ್ದವರು ಓದಿಬಿಟ್ಟರೇನೋ ಅಂತ ಗಾಬರಿಯಾಗಿ ಮುಷ್ಟಿಯೊಳಗೆ ಮುಚ್ಕೊಂಡೆ. ರೂಮಿಗೆ ಬಂದು ಮೊದಲು ಮಾಡಿದ ಕೆಲಸವೇ ಆ ಚೀಟಿ ಕತ್ತರಿಸಿ ಎಸೆದದ್ದು.

ಎರಡನೇ ಕೆಲಸ ಪರೀಕ್ಷೆ. ಎಂಜಿನಿಯರಿಂಗ್ ಓದಿದ ಕರ್ಮಕ್ಕೆ ಯಾವುದನ್ನೂ ಸುಮ್ಮನೆ ನಂಬೋಕೆ ಆಗಲ್ಲ. ಬಣ್ಣ ಹಾಕಿದ ಗಾಜನ್ನೋ, ಬಿಳಿ ಕಲ್ಲಿಗೆ ಬಣ್ಣ ಕುಡಿಸಿದ್ದನ್ನೋ ಇದೇ ಹೆಸರಲ್ಲಿ ಮಾರ್ತಾರೆ. ನಿಮಗೂ ಉಪಯೋಗಕ್ಕೆ ಬರಬಹುದು ಅಂತ ಹೇಳ್ತೀನಿ. ಸರವನ್ನು ಕೆನ್ನೆಗೆ ಒತ್ತಿ ಹಿಡಿದು ನೋಡಿ. ಗಾಜಿಗಿಂತ ಈ ಕಲ್ಲು ಮೈಯ ಬಿಸಿಯನ್ನು ಹಲವು ಪಟ್ಟು ಬೇಗ ಎಳ್ಕೊಳ್ಳತ್ತೆ, ಹಾಗಾಗಿ ಗಾಜಿನ ಮಣಿಗಿಂತ ತಣ್ಣಗಿರತ್ತೆ, ಆ ತಂಪು ಜಾಸ್ತಿ ಹೊತ್ತು ಉಳಿಯತ್ತೆ. ಭೂತಗನ್ನಡಿಯಲ್ಲಿ ನೋಡಿದಾಗ ಒಳಗೆ ದುಂಡು ದುಂಡು ಗುಳ್ಳೆ ಕಂಡರೆ ಅದು ಗಾಜು. ಬಣ್ಣ ಕುಡಿಸಿದ್ದಾದರೆ ಆ ಬಣ್ಣ ಬಿರುಕುಗಳಲ್ಲಿ, ದಾರ ಪೋಣಿಸೋ ತೂತಿನ ಸುತ್ತ ಗಟ್ಟಿಯಾಗಿ ನಿಂತಿರತ್ತೆ. ರೂಮ್‌ಮೇಟಿನ ಉಗುರುಬಣ್ಣ ತೆಗೆಯೋ ದ್ರಾವಣದಲ್ಲಿ ಹತ್ತಿ ಅದ್ದಿ ತೂತಿನ ಹತ್ತಿರ ಉಜ್ಜಿದೆ. ಹತ್ತಿ ಬೆಳ್ಳಗೇ ಉಳೀತು. ಕೊನೆಗೆ ಉಪ್ಪಿನಕಾಯಿ ಖಾಲಿಯಾದ ಬಾಟಲಿಗೆ ಒಂದು ಮಣಿಯ ತೂತಿನ ಅಂಚಿನಿಂದ ಗೀಚಿದೆ. ಬಾಟಲಿಯ ಮೇಲೆ ಬಿಳೀ ಗೆರೆ, ಮಣಿಗೆ ಏನೂ ಆಗಿಲ್ಲ. ಮೋಸ್ ಅಳತೆಯಲ್ಲಿ ಗಾಜಿನ ಗಡಸುತನ ಐದೂವರೆಯ ಆಸುಪಾಸು, ಇದರದ್ದು ಏಳು. ಅಂಗಡಿಯವರು ಮೋಸ ಮಾಡಿರಲಿಲ್ಲ. ಚೌಕಾಸಿ ಮಾಡಿದ್ದಕ್ಕೆ ಸ್ವಲ್ಪ ನಾಚಿಕೆಯಾಯ್ತು.

ಆಮೇಲೆ ರಾತ್ರಿ ಒಂದೂವರೆ ತನಕ ಓದ್ತಾ ಕೂತೆ.

ಕ್ವಾರ್ಟ್ಜ್ ಅಂದ್ರೆ ಬೇರೇನಲ್ಲ, ನಮ್ಮೂರ ಬೆಣಚುಕಲ್ಲು. ಸಿಲಿಕಾನಿನ ಒಂದು ಪರಮಾಣುವಿಗೆ ಆಮ್ಲಜನಕದ ಎರಡು. ಹೊಳೆ ದಂಡೆಯ ಮರಳೂ ಬಹುಪಾಲು ಇದೇ. ಸಣ್ಣವರಿದ್ದಾಗ ಕರೆಂಟು ಹೋದ ರಾತ್ರಿ ನಾನೂ ತಮ್ಮನೂ ಎರಡು ಬಿಳಿ ಬೆಣಚುಕಲ್ಲನ್ನು ಗಸಗಸ ಉಜ್ಜಿ ಒಳಗೆ ಬೆಳಕು ಮಿಣಿಮಿಣಿ ಅನ್ನೋದನ್ನು ನೋಡ್ತಾ ಇದ್ವಿ. ಆಮೇಲೆ ಆ ಸುಟ್ಟ ವಾಸನೆ! ನೀವೂ ಮೂಸಿರ್ತೀರಿ. ಈ ಆಟ ಹೇಳಿಕೊಟ್ಟಿದ್ದು ಅಪ್ಪ. ಗುಲಾಬಿಯದ್ದು ಅದೇ ಕಲ್ಲಿನ ಅಕ್ಕನೋ ತಂಗಿಯೋ ಅಷ್ಟೆ.

ಈ ಕ್ವಾರ್ಟ್ಜ್ ಹರಳನ್ನು ಒತ್ತಿದರೆ ಅದರಲ್ಲಿ ಸಣ್ಣಗೆ ವಿದ್ಯುತ್ತು ಹುಟ್ಟತ್ತೆ ಅಂತ 1880ರಲ್ಲಿ ಕ್ಯೂರಿ ಸೋದರರು ಕಂಡುಹಿಡಿದರು. ಅದನ್ನೇ ತಿರುಗಿಸಿ, ವಿದ್ಯುತ್ತು ಕೊಟ್ಟರೆ ಹರಳು ಕಂಪಿಸತ್ತೆ. ನಮ್ಮ ಕೈಗಡಿಯಾರದೊಳಗಿನ ಚೂರು ಒಂದು ಸೆಕೆಂಡಿಗೆ 32,768 ಸಲ ನಡುಗತ್ತೆ. ನನ್ನ ಥರ ಕೋಡ್ ಬರೆಯೋರಿಗೆ ಈ ಸಂಖ್ಯೆ ನೋಡಿದ ಕೂಡಲೇ ಖುಷಿಯಾಗತ್ತೆ, ಯಾಕಂದ್ರೆ ಅದು ಎರಡರ ಹದಿನೈದನೇ ಘಾತ. ಹದಿನೈದು ಸಲ ಅರ್ಧ ಮಾಡ್ತಾ ಹೋದರೆ ಸರಿಯಾಗಿ ಒಂದು ಸೆಕೆಂಡು. ನವರತ್ನಕ್ಕೆ ಹಾಗೆ ಮಾಡೋಕೆ ಹೇಳಿ ನೋಡೋಣ :-) ಅಂದಹಾಗೆ ನವರತ್ನದ ಪಟ್ಟಿಯಲ್ಲಿ ಈ ಕಲ್ಲಿಗೆ ಜಾಗವೇ ಇಲ್ಲ. ಯಾವ ಗ್ರಹವೂ ಇದನ್ನು ತನ್ನದು ಅಂದಿಲ್ಲ.

ಮತ್ತೆ ಗುಲಾಬಿ ಬಣ್ಣ ಎಲ್ಲಿಂದ ಬಂತು? ಟೈಟಾನಿಯಮ್ಮಿಂದ, ಮ್ಯಾಂಗನೀಸಿಂದ ಅಂತೆಲ್ಲ ಬಹಳ ಕಾಲ ಹೇಳ್ತಾ ಇದ್ದರಂತೆ. 2001ರಲ್ಲಿ ಅಮೆರಿಕದ ಕ್ಯಾಲ್‌ಟೆಕ್‌ನವರು ಒಂದು ಕೆಲಸ ಮಾಡಿದರು. ಬೇರೆ ಬೇರೆ ಕಡೆಯ ಗುಲಾಬಿ ಕಲ್ಲುಗಳನ್ನು ತಂದು ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಕರಗಿಸಿದರು. ಕಲ್ಲೆಲ್ಲ ಕರಗಿ ಹೋಗಿ ತಳದಲ್ಲಿ ಗುಲಾಬಿ ಬಣ್ಣದ ಎಳೆಗಳು ಉಳಿದವು. ನಮ್ಮ ತಲೆಕೂದಲಿಗಿಂತ ನೂರು ಪಟ್ಟಿನಷ್ಟು ತೆಳು, ಡ್ಯುಮಾರ್ಟಿಯರೈಟ್ ಅನ್ನೋ ಖನಿಜಕ್ಕೆ ಹತ್ತಿರದ ಸಂಬಂಧಿ. ಅಂದ್ರೆ ಕಲ್ಲು ಬಣ್ಣದ್ದಲ್ಲ, ಕಲ್ಲು ಬೆಳ್ಳಗೇ ಇದೆ. ಅದರೊಳಗೆ ಯಾವತ್ತೋ ಸಿಕ್ಕಿಹಾಕ್ಕೊಂಡ ಕೋಟ್ಯಂತರ ಎಳೆಗಳದ್ದು ಈ ಬಣ್ಣ. ಆ ಮಂಜು ಮುಸುಕಿದ ಹಾಗೆ ಕಾಣೋದೂ ಅವುಗಳಿಂದಲೇ. ಕೆಲವು ಕಲ್ಲುಗಳಲ್ಲಿ ಎಳೆಗಳು ಶಿಸ್ತಾಗಿ ಸಾಲು ಹಿಡಿದಿರತ್ತೆ. ಅಂಥದ್ದನ್ನು ಗುಂಡಗೆ ಮಾಡಿ ಹಿಂದಿನಿಂದ ಬೆಳಕು ಹಿಡಿದರೆ ಆರು ಕಾಲಿನ ನಕ್ಷತ್ರ ಕಾಣತ್ತೆ. ನಾನೂ ದೀಪ ಆರಿಸಿ ಮೊಬೈಲ್ ಟಾರ್ಚ್ ಹಾಕ್ಕೊಂಡು ಒಂದೊಂದೇ ಮಣಿ ನೋಡಿದೆ. ಒಂದರಲ್ಲೂ ನಕ್ಷತ್ರ ಇರಲಿಲ್ಲ. ರೂಮ್‌ಮೇಟ್ ಎದ್ದು "ಏನೇ ಇದು, ಮಾಟ ಗೀಟ ಶುರು ಮಾಡಿದ್ಯಾ?" ಅಂತ ಬೈದಳು.

ಕತೆಗಳಿಗೇನೂ ಬರ ಇಲ್ಲ ಈ ಕಲ್ಲಿಗೆ. ಈಜಿಪ್ಟಿನ ರಾಣಿಯರು ಮುಖದ ಸುಕ್ಕು ಹೋಗಲಿ ಅಂತ ಇದನ್ನು ತೀಡ್ಕೊಳ್ತಿದ್ದರು ಅನ್ನೋದು ಒಂದು. ಗ್ರೀಕರ ಅಡೋನಿಸ್ ಸಾಯುವಾಗ ಅವನ ರಕ್ತವೂ ಪ್ರೇಮದೇವತೆಯ ರಕ್ತವೂ ಸೇರಿ ಬಿಳಿ ಕಲ್ಲು ಗುಲಾಬಿಯಾಯ್ತು ಅನ್ನೋದು ಇನ್ನೊಂದು. ನನಗೆ ಎರಡನೆಯದು ಹಿಡಿಸ್ತು. ಆದರೆ ರೋಮಿನ ಓವಿಡ್ ಬರೆದ ಅಡೋನಿಸನ ಕತೆಯಲ್ಲಿ ಕಲ್ಲೇ ಇಲ್ಲ, ಅವನ ರಕ್ತದಿಂದ ಅರಳೋದು ಅನಿಮೋನಿ ಅನ್ನೋ ಹೂವು, ಗಾಳಿ ಬೀಸಿದರೆ ಉದುರಿ ಹೋಗೋ ಅಂಥದ್ದು. ಉದುರೋ ಹೂವನ್ನು ಅಂಗಡಿಯಲ್ಲಿಟ್ಟು ಮಾರೋಕಾಗತ್ಯೇ? ಕಲ್ಲಾದರೆ ಆಗತ್ತೆ. ಈ ಕತೆಗಳ ಜತೆಗೇ ಬರೋ ಸೇವೆಯ ವಿಧಾನಗಳೂ ಹಾಗೇ. ಹುಣ್ಣಿಮೆ ಬೆಳದಿಂಗಳಲ್ಲಿ ಇಡಬೇಕು, ಉಪ್ಪುನೀರಲ್ಲಿ ನೆನೆಸಬೇಕು, ಇಲ್ಲದಿದ್ದರೆ ಶಕ್ತಿ ಇಳಿದುಹೋಗತ್ತೆ ಅಂತ. ಉಪ್ಪುನೀರಿನಿಂದ ಕಲ್ಲಿಗೇನೂ ಆಗಲ್ಲ, ದಾರ ಮತ್ತು ಕೊಂಡಿ ಹಾಳಾಗತ್ತೆ.

ಪ್ಲಿನಿ ಹೇಳಿದ್ದು ಮಾತ್ರ ನನಗೆ ನಿಜಕ್ಕೂ ಇಷ್ಟ ಆಯ್ತು. ಸುಮಾರು ಎರಡು ಸಾವಿರ ವರ್ಷದ ಹಿಂದಿನ ರೋಮಿನವನು. ಸ್ಫಟಿಕ ಅಂದ್ರೆ ಮಂಜುಗಡ್ಡೆ, ವಿಪರೀತ ಚಳಿಗೆ ಗಟ್ಟಿಯಾಗಿ ಮತ್ತೆ ಕರಗದೇ ಉಳಿದಿದ್ದು ಅಂತ ಅವನ ನಂಬಿಕೆ. ಕ್ರಿಸ್ಟಲ್ ಅನ್ನೋ ಹೆಸರಿನ ಮೂಲವೇ ಗ್ರೀಕಿನ ಮಂಜುಗಡ್ಡೆ. ಕೆನ್ನೆಗೆ ಒತ್ತಿ ನೋಡಿದವರಿಗೆ ಹಾಗನ್ನಿಸಿದ್ದರಲ್ಲಿ ತಪ್ಪೇನೂ ಇಲ್ಲ.

ಸಂಕ್ರಾಂತಿಗೆ ಊರಿಗೆ ಹೋದಾಗ ಸರ ಕೊಟ್ಟೆ. ಅಮ್ಮ ಅಂಗೈ ಮೇಲೆ ಹರಡಿ ನೋಡಿದಳು. "ಚೆನ್ನಾಗಿದೆ. ನೀನೇ ಹಾಕ್ಕೋಬಹುದಿತ್ತಲ್ಲೇ" ಅಂದಳು. "ನಿಂಗೇ ಅಂತ ತಂದಿದ್ದು" ಅಂದೆ. ಅವಳು ಮತ್ತೆ ಮಾತಾಡಲಿಲ್ಲ. ಒಂದು ಬಿಳಿ ಕರವಸ್ತ್ರದಲ್ಲಿ ಸುತ್ತಿ ಬೀರುವಿನ ಒಳಗಿಟ್ಟಳು, ಅಪ್ಪನ ವಾಚು ಇಟ್ಟ ಡಬ್ಬಿಯ ಪಕ್ಕ. ಅಲ್ಲಿಗೆ ಮುಗೀತು ಅಂದ್ಕೊಂಡೆ.

ಫೆಬ್ರವರಿಯಲ್ಲಿ ಒಂದು ರಾತ್ರಿ ಫೋನು. ಊಟ, ಚಳಿ, ಕೊನೆಕೊಯ್ಲಿನವರು ಬರದೇ ಇದ್ದದ್ದು ಎಲ್ಲ ಮುಗಿದ ಮೇಲೆ ಕೇಳಿದಳು, "ಆ ಸರ ಯಾವುದರಲ್ಲಿ ತೊಳೀಬೇಕೇ?"

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಬೀರುವಿನಲ್ಲಿ ಇದ್ದದ್ದು ಯಾಕೆ ಕೊಳೆಯಾಗತ್ತೆ? ಗೊತ್ತಾಗದವಳ ಹಾಗೆ ಹೇಳಿದೆ. ಉಗುರು ಬೆಚ್ಚಗಿನ ನೀರು, ಸೌಮ್ಯವಾದ ಸೋಪು ಸಾಕು, ಅಥವಾ ಚಿನ್ನಕ್ಕೆ ಹಾಕ್ತೀರಲ್ಲ ಆ ಅಂಟುವಾಳದ ನೀರು. ತುಂಬ ಬಿಸಿನೀರಿನಿಂದ ತೆಗೆದು ತಣ್ಣೀರಿಗೆ ಹಾಕಬೇಡ, ಒಮ್ಮೆಗೇ ಬಿಸಿ-ತಂಪು ಆದರೆ ಒಳಗಿನ ಬಿರುಕು ದೊಡ್ಡದಾಗತ್ತೆ. ನಿನ್ನ ವಜ್ರದ ಬೆಂಡೋಲೆ ಜತೆ ಒಂದೇ ಡಬ್ಬಿಯಲ್ಲಿ ಇಡಬೇಡ, ವಜ್ರ ಇದನ್ನು ಗೀಚತ್ತೆ. ಮುತ್ತಿನ ಸರದ ಜತೆಗೂ ಬೇಡ, ಇದು ಮುತ್ತನ್ನು ಗೀಚತ್ತೆ. ಬಿಸಿಲಿಗೆ ಬಣ್ಣ ಹೋಗತ್ತಾ ಅಂದಳು. ಪೂರ್ತಿ ಹರಳಿನ ಆಕಾರದಲ್ಲಿ ಸಿಗೋ ಅಪರೂಪದ ಒಂದು ಜಾತಿ ಇದೆ, ಅದರ ಬಣ್ಣ ಹುಟ್ಟೋದೇ ಬೇರೆ ಥರ, ಅದು ಬೆಳಕಿಗೆ ಮಾಸತ್ತೆ. ಇದು ಬಂಡೆಯಿಂದ ಒಡೆದು ಮಾಡಿದ್ದು, ಒಳಗಿನ ಎಳೆಗಳ ಬಣ್ಣ, ಅಷ್ಟು ಸುಲಭಕ್ಕೆ ಹೋಗಲ್ಲ ಅಂದೆ. ಹಾಗೆ ಎಳೆಗಳ ಕತೆ ಪೂರ್ತಿ ಹೇಳಬೇಕಾಯ್ತು. ಸ್ಫಟಿಕಮಾಲೆ ಇದೆಯಲ್ಲ, ಅದೂ ಇದೂ ಒಂದೇ ಕಲ್ಲು, ಒಳಗೆ ಸ್ವಲ್ಪ ಕಸ ಸೇರಿದೆ ಅಷ್ಟೆ ಅಂದೆ.

"ಒಂದೇ ಕಲ್ಲಾ? ಸರಿಯಾಗಿ ಗೊತ್ತಾ?"

"ನೂರಕ್ಕೆ ನೂರು."

"ಹ್ಞೂಂ" ಅಂದಳು. ಫೋನ್ ಇಟ್ಟಳು.

ಆಮೇಲಿನದ್ದು ನನಗೆ ತಮ್ಮನಿಂದ ಗೊತ್ತಾಗಿದ್ದು. ಅಮ್ಮ ಸರವನ್ನು ರಾತ್ರಿ ಮಲಗುವಾಗ ಮಾತ್ರ ಹಾಕ್ಕೊಳ್ತಾ ಇದ್ದಳಂತೆ. ಸೆರಗಿನೊಳಗೆ. ಒಂದು ಬೆಳಿಗ್ಗೆ ತೆಗೆಯೋಕೆ ಮರೆತು ಹಾಗೇ ಒಲೆ ಮುಂದೆ ಬಂದಿದ್ದಾಳೆ, ಬಗ್ಗಿದಾಗ ಸರ ಹೊರಗೆ ಬಂದಿದೆ, ಅಜ್ಜಿ ನೋಡಿದ್ದಾಳೆ.

ಅಜ್ಜಿಯ ಬಗ್ಗೆ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಅವಳನ್ನು ಕೆಟ್ಟವಳು ಅಂದ್ಕೊಳ್ತೀರಿ. ಅಜ್ಜ ಹೋದಾಗ ಅವಳಿಗೆ ಮೂವತ್ತೊಂಬತ್ತು. ಅವತ್ತಿನಿಂದ ಇವತ್ತಿನ ತನಕ ಅವಳು ಉಟ್ಟಿದ್ದು ಎರಡೇ ಬಣ್ಣ, ಕಾಫಿಪುಡಿ ಬಣ್ಣ ಮತ್ತು ಬೂದಿ ಬಣ್ಣ. ಅವಳಿಗೆ ಮಾತ್ರ ಎಲ್ಲರೂ ಹೇಳಿದ್ದರು. ಬಾಯಿಬಿಟ್ಟು, ಅಂಗಳದಲ್ಲಿ ನಿಂತು ಹೇಳಿದ್ದರು.

"ಇದೇನಿದು ಬಣ್ಣದ್ದು?" ಅಂದಳಂತೆ ಅಜ್ಜಿ.

"ಸ್ಫಟಿಕ ಅತ್ತೆ" ಅಂದಳಂತೆ ಅಮ್ಮ, ತಿರುಗಿ ನೋಡದೇ, ದೋಸೆ ಮಗುಚ್ತಾ. "ಶೃಂಗೇರಿಯ ಚಂದ್ರಮೌಳೀಶ್ವರ ಲಿಂಗ ನೋಡಿದೀರಲ್ಲ, ಅದೇ ಕಲ್ಲು. ಸರಸ್ವತಿ ಕೈಯಲ್ಲಿರೋ ಮಾಲೆಯೂ ಅದೇ. ಪುಟ್ಟಿ ಓದಿ ಹೇಳಿದಾಳೆ. ಇದರಲ್ಲಿ ಸ್ವಲ್ಪ ಕಸ ಸೇರ್ಕೊಂಡಿದೆ, ಅದಕ್ಕೇ ಹಾಗೆ ಕಾಣತ್ತೆ."

ನಾನು ಹೇಳಿದ್ದು ಖನಿಜಶಾಸ್ತ್ರ, ಅಮ್ಮ ಅದನ್ನು ಧರ್ಮಶಾಸ್ತ್ರ ಮಾಡಿಬಿಟ್ಟಿದ್ದಳು! ತಮ್ಮ ಹೇಳುವಾಗ ನಗು ತಡೆಯೋಕೆ ಆಗಲಿಲ್ಲ. ಆಮೇಲೆ ಫೋನ್ ಇಟ್ಟು ಸುಮ್ಮನೆ ಕೂತೆ. ಎಷ್ಟು ರಾತ್ರಿ ಹಾಸಿಗೆಯಲ್ಲಿ ಹಾಕ್ಕೊಂಡು, ಬೆಳಿಗ್ಗೆ ತೆಗೆದಿಟ್ಟಿರಬಹುದು ಅವಳು.

ಅಜ್ಜಿ ಸರ ಇಸ್ಕೊಂಡು ಚಾವಡಿಯ ಬೆಳಕಿಗೆ ಬಂದು, ಮಣಿಗಳನ್ನು ಒಂದೊಂದೇ ಜರುಗಿಸಿ ಎಣಿಸಿದಳಂತೆ. ಐವತ್ನಾಲ್ಕು. ಎರಡು ಸುತ್ತು ಹಾಕಿದರೆ ನೂರೆಂಟು. ನಾನು ಟಾರ್ಚ್ ಹಾಕ್ಕೊಂಡು ರಾತ್ರಿಯೆಲ್ಲ ನೋಡಿದವಳು ಈ ಲೆಕ್ಕ ಹಾಕಿರಲಿಲ್ಲ ನೋಡಿ. ಎರಡರ ಹದಿನೈದನೇ ಘಾತ ಬೇಕು ನನಗೆ! ಅಜ್ಜಿ ಏನೂ ಹೇಳದೇ ಸರ ವಾಪಸ್ ಕೊಟ್ಟಳಂತೆ. ಅಮ್ಮ ಹಾಕ್ಕೊಂಡು ದೋಸೆಗೆ ಹೋದಳು. ಅವತ್ತಿನಿಂದ ಹಗಲೂ ಇದೆ ಕುತ್ತಿಗೆಯಲ್ಲಿ.

ಇಷ್ಟಕ್ಕೇ ನಿಲ್ಲಿಸಿದ್ದರೆ ನೆಮ್ಮದಿಯಾಗಿರ್ತಿತ್ತು. ಆದರೆ ಓದೋ ಚಟ ಇದೆಯಲ್ಲ, ಅದು ಅಷ್ಟಕ್ಕೇ ಬಿಡಲ್ಲ. ಖಂಭಾತಿನಲ್ಲಿ ಇಂಥ ಮಣಿಗಳನ್ನು ಹೇಗೆ ಮಾಡ್ತಾರೆ ಅಂತ ಹುಡುಕಿದೆ. ಒರಟು ಕಲ್ಲನ್ನು ತಿರುಗೋ ಸಾಣೆಚಕ್ರಕ್ಕೆ ಹಿಡಿದು ಉರುಟು ಮಾಡ್ತಾರೆ, ಬಹಳ ಮಂದಿ ಮನೆಯಲ್ಲೇ ಅಥವಾ ಸಣ್ಣ ಶೆಡ್ಡುಗಳಲ್ಲಿ. ಆ ಧೂಳು ಕಣ್ಣಿಗೂ ಕಾಣದಷ್ಟು ನಯ. ಉಸಿರಲ್ಲಿ ಒಳಗೆ ಹೋದರೆ ಶ್ವಾಸಕೋಶದ ತಳಕ್ಕೆ ಹೋಗಿ ಕೂರತ್ತೆ. ಅದು ಕರಗಲ್ಲ. ಸುತ್ತಲೂ ಗಾಯದ ಗಂಟು ಕಟ್ಟತ್ತೆ, ವರ್ಷಗಟ್ಟಲೆ ಆದ ಮೇಲೆ ಹತ್ತು ಹೆಜ್ಜೆ ನಡೆದರೂ ಉಸಿರು ಕಟ್ಟತ್ತೆ. ಸಿಲಿಕೋಸಿಸ್. ವಾಸಿ ಮಾಡೋ ಔಷಧಿ ಇಲ್ಲ, ಮೇಲಿಂದ ಕ್ಷಯವೂ ಬೇಗ ಅಂಟ್ಕೊಳ್ಳತ್ತೆ. ಖಂಭಾತಿನ ಅಗೇಟ್ ಕೆಲಸಗಾರರಲ್ಲಿ ಇದು ಇದೆ ಅಂತ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಹಿಂದೆಯೇ ಅಧ್ಯಯನ ಮಾಡಿ ತೋರಿಸಿದ್ದಾರೆ. ನಮ್ಮ ಕೋಲಾರದ ಗಣಿಗಳಲ್ಲಿ 1940ರ ದಶಕದಲ್ಲೇ ಈ ಕಾಯಿಲೆ ದಾಖಲಾಗಿತ್ತು. ಅಲ್ಲಿ ಚಿನ್ನ ಇದ್ದದ್ದೂ ಇದೇ ಬೆಣಚುಕಲ್ಲಿನ ಎಳೆಗಳ ನಡುವೆಯೇ. ಗಣಿ 2001ರಲ್ಲಿ ಮುಚ್ಚಿತು.

ನೀರು ಹಾಯಿಸ್ತಾ ಉಜ್ಜಿದರೆ, ಧೂಳು ಎಳೆಯೋ ಫ್ಯಾನು ಹಾಕಿದರೆ ಬಹಳಷ್ಟು ತಪ್ಪಿಸಬಹುದು. ಅದಕ್ಕೆ ದುಡ್ಡು ಬೇಕು. ನಾನು ನೂರೈವತ್ತು ರೂಪಾಯಿ ಚೌಕಾಸಿ ಮಾಡಿ ಗೆದ್ದವಳು. ಪ್ರೇಮದ ಕಲ್ಲು ಅಂತ ಚೀಟಿ ಕಟ್ಟಿದವರಿಗೆ ಇದನ್ನು ಬರೆಯೋಕೆ ಜಾಗ ಸಾಲಲಿಲ್ಲ ಅನ್ನಿಸತ್ತೆ. ಅಮ್ಮನಿಗೆ ಈ ಸಂಗತಿ ಹೇಳಿಲ್ಲ. ಹೇಳಿದರೆ ತೆಗೆದಿಡ್ತಾಳೆ, ಗ್ಯಾರಂಟಿ. ಹೇಳದೇ ಇರೋದು ಸರಿಯೋ ತಪ್ಪೋ ನನಗೆ ಇನ್ನೂ ಬಗೆಹರಿದಿಲ್ಲ. ಮುಂದಿನ ಸಲ ಆ ಅಂಗಡಿಯವರು ಸಿಕ್ಕಿದರೆ ಉಜ್ಜೋದು ಒಣಕಲ್ಲೋ ನೀರಲ್ಲೋ ಅಂತ ಕೇಳ್ತೀನಿ, ಹೇಳಿದಷ್ಟು ಕೊಡ್ತೀನಿ.

ಯುಗಾದಿಗೆ ಹೋದಾಗ ಅಮ್ಮನ ಕುತ್ತಿಗೆ ಬೋಳಾಗಿತ್ತು. ಎದೆ ಧಸಕ್ಕಂತು. ತಮ್ಮ ಎಲ್ಲಾದರೂ ಓದಿ ಹೇಳಿಬಿಟ್ಟನಾ, ಅಥವಾ ಊರಲ್ಲಿ ಯಾರಾದರೂ ಏನಾದರೂ ಅಂದರಾ ಅಂತ. ಕೇಳೋಕೂ ಧೈರ್ಯ ಬರಲಿಲ್ಲ. ಊಟ ಆಗಿ ಚಾವಡಿಗೆ ಬಂದರೆ ಅಜ್ಜಿ ಚಾಪೆ ಮೇಲೆ ಮಲಗಿದಾಳೆ, ಬಿಸಿಲು ಹೆಂಚು ಕಾಯಿಸ್ತಾ ಇದೆ, ಅವಳ ಹಣೆ ಮೇಲೆ ಗುಲಾಬಿ ಬಣ್ಣದ ಸರ ಸುರುಳಿ ಸುತ್ತಿ ಕೂತಿದೆ. ಒಂದು ಕಡೆ ಬೆಚ್ಚಗಾದರೆ ಎತ್ತಿ ಇನ್ನೊಂದು ಕಡೆ ಇಟ್ಕೊಳ್ತಾಳೆ.

"ತಣ್ಣಗಿರತ್ತೆ ಕಣೇ, ಐಸಿನ ಹಾಗೆ" ಅಂದಳು ಕಣ್ಣು ಮುಚ್ಚಿಕೊಂಡೇ.

ಅಡಿಗೆಮನೆಗೆ ಬಂದೆ. ಅಮ್ಮ ಪಾತ್ರೆ ಒರೆಸ್ತಾ ಇದ್ದಳು. "ಮಧ್ಯಾಹ್ನ ಅಂತ ಇಸ್ಕೊಂಡ್ರೆ ಸಾಯಂಕಾಲ ಜಪ ಮುಗಿಯೋ ತನಕ ಕೊಡಲ್ಲ" ಅಂತ ದೂರು. "ಇನ್ನೊಂದು ಸಿಗತ್ತೇನೇ?"

"ಡಿಸೆಂಬರಿಗೆ ಮೇಳ ಇರತ್ತೆ ಅಮ್ಮ. ಯಾವ ಬಣ್ಣದ್ದು ತರ್ಲಿ? ಬಿಳೀದೂ ಇರತ್ತೆ."

ಅವಳು ಲೋಟ ಒರೆಸಿ ಗೂಡಿನಲ್ಲಿ ಬೋರಲು ಹಾಕಿದಳು. ಇನ್ನೊಂದು ಎತ್ಕೊಂಡಳು.

"ಅದೇ ಬಣ್ಣದ್ದು ತಗೊಂಡ್ಬಾ" ಅಂದಳು.